ದುರ್ಗದ ಬಾವಿಯ ಚೊಂಬು

ಕುಮಟೆಯ ನಮ್ಮ ಮನೆಯ ಶೋಕೇಸಿನಲ್ಲಿ ಒಂದು ವರ್ಷ ಒಂದು ಹಿತ್ತಾಳೆಯ ಚೊಂಬು ಕುಳಿತಿತ್ತು. ಬಂದವರು ಅದನ್ನು ನೋಡಿ ಕಣ್ಣರಳಿಸಿದರೆ ಸಾಕು, ಶಾಲೆಯಲ್ಲಿ ಚರಿತ್ರೆ ಕಲಿಸಿ ನಿವೃತ್ತನಾದ ನನ್ನ ನಾಲಿಗೆಗೆ ಮತ್ತೆ ಕೆಲಸ ಸಿಗುತ್ತಿತ್ತು. ಕೆಳದಿ ಅರಸರ ಕಾಲದ್ದಿರಬೇಕು ಎನ್ನುತ್ತಿದ್ದೆ.

ಅದು ಸಿಕ್ಕಿದ್ದು ಹೊನ್ನಾವರದೆದುರಿನ ಬಸವರಾಜದುರ್ಗದಲ್ಲಿ. ಓಂ ಬೀಚಿಗೆ ಮುಗಿಬೀಳುವ ಜನ ಈ ನಡುಗಡ್ಡೆಯತ್ತ ತಲೆ ಹಾಕುವುದು ಕಡಿಮೆ. ನನಗಾದರೋ ಯಾರೂ ಕಾಣದ್ದನ್ನು ಕಾಣುವ ಚಪಲ. ಮೀನುಗಾರ ಸುಬ್ರಾಯನ ದೋಣಿಯಲ್ಲಿ ಹೋಗಿ, ಅವನು ದಡದಲ್ಲೇ ಬಲೆ ಬಿಡಿಸುತ್ತ ಕುಳಿತಿರಲು, ಚಿರೇಕಲ್ಲಿನ ಕೋಟೆಗೋಡೆಗಳ ನಡುವೆ, ಮರದ ಬೇರು ಹಿಡಿದು ನಿಲ್ಲಿಸಿದ ಬುರುಜುಗಳ ಹಿಂದೆ ಮನಸೋ ಇಚ್ಛೆ ಅಲೆದೆ. ಸುತ್ತಲೂ ಉಪ್ಪುನೀರು, ನಡುವೆ ಒಂದು ಸಿಹಿನೀರಿನ ಬಾವಿ, ಅದರ ಕಟ್ಟೆಯ ಮೇಲೆ ಹಗ್ಗ ಕಟ್ಟಿದ, ಕಪ್ಪುಗಟ್ಟಿದ ಈ ಚೊಂಬು. ಸೇದಿ ಹೊಟ್ಟೆ ತುಂಬ ಕುಡಿದೆ. ಕುಡಿದು, ಹಗ್ಗ ಬಿಚ್ಚಿಟ್ಟು, ಚೊಂಬನ್ನು ಹೆಗಲ ಚೀಲಕ್ಕೆ ಸೇರಿಸಿದೆ. ಕೋಟೆಯ ಗೋಡೆಯ ಮೇಲೆ ಹೆಸರು ಗೀಚಬೇಡಿ ಎಂದು ಮಕ್ಕಳಿಗೆ ಬೈಯುತ್ತಿದ್ದವನು ನಾನೇ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಗೆ ಬಿದ್ದಿತ್ತು.

ಮನೆಗೆ ತಂದು ಹುಣಸೆಹುಳಿ ಹಚ್ಚಿ ತಿಕ್ಕಿದಾಗ ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು ಕಂಡಿತು: ಮಾದೇವಿ. ನಮ್ಮ ಮನೆಯ ಪಾತ್ರೆಗಳ ಮೇಲೆ ಅಜ್ಜಿಯ ಹೆಸರಿರುವುದೂ ಹೀಗೆಯೇ. ಅರಸರದಲ್ಲ, ಯಾರದೋ ಅಡಿಗೆಮನೆಯದು ಎಂದು ಆಗಲೇ ತಿಳಿಯಿತು. ಆದರೂ, ಹೇಳಿಕೊಳ್ಳಲು ನಾಚಿಕೆ, ಹೆಸರನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟೆ.

ಕಳೆದ ತಿಂಗಳು ಸುಬ್ರಾಯ ಮಗಳ ಮದುವೆಗೆ ಕರೆಯಲು ಬಂದ. ಚಹಾ ಕುಡಿಯುತ್ತ, ಮಳೆಗಾಲ ಮುಗಿದ ಹೊಸತರಲ್ಲಿ ಎಂಜಿನ್ ಕೆಟ್ಟು ದುರ್ಗದಲ್ಲಿ ಇಡೀ ಹಗಲು ಸಿಕ್ಕಿಬಿದ್ದ ಕತೆ ತೆಗೆದ.

"ಅಪ್ಪ ಒಂದ್ಸಲ ಅಲ್ಲಿ ನೀರಿಲ್ದೇ ಒದ್ದಾಡಿದ್ದಕ್ಕೆ ಆಯಿ ತನ್ನ ಚೊಂಬು ಬಾವಿ ಹತ್ರ ಇಡ್ಸಿದ್ಲು, ಮಾಸ್ತರ್ರೇ. ಯಾರ ದೋಣಿ ಬಂದ್ರೂ ಕುಡೀಲಿ ಅಂತ. ನಾ ಹೋಗಿ ನೋಡ್ದೆ, ಹಗ್ಗ ಇತ್ತು, ಚೊಂಬಿಲ್ಲ. ಎಂತ ಮಾಡೂದು? ಅಂಗಿ ಬಿಚ್ಚಿ ಹಗ್ಗಕ್ಕೆ ಕಟ್ಟಿ ಇಳ್ಸಿ, ಹಿಂಡ್ಕಂಡು ಕುಡ್ದೆ."

ಅವನ ಬೆನ್ನ ಹಿಂದೆಯೇ ಅವನ ತಾಯಿಯ ಹೆಸರು ಗೋಡೆ ನೋಡುತ್ತಿತ್ತು. ನಾನು ಬಾಯಿ ಬಿಡದಿದ್ದರೆ ಅವನು ಚಹಾ ಮುಗಿಸಿ ಹೋಗಿಬಿಡುತ್ತಿದ್ದ. ಓದುವ ನಿಮ್ಮಲ್ಲಿ ಮುಚ್ಚುಮರೆಯೇಕೆ, ಸುಮ್ಮನಿರೋಣವೆಂದೇ ಎಣಿಸಿದೆ. ಅಷ್ಟರಲ್ಲಿ ಅವನು ಕುಡಿಯಲು ಒಂದು ಲೋಟ ನೀರು ಕೇಳಿದ.

ತರಲೆಂದು ಎದ್ದೆ, ಕಾಲು ಅಡಿಗೆಮನೆಯತ್ತ ಹೋಗಲಿಲ್ಲ. ಚೊಂಬು ತೆಗೆದು ಅವನ ಕೈಗಿಟ್ಟೆ. ಸುಬ್ರಾಯ ಹೆಬ್ಬೆಟ್ಟಿನಿಂದ ಆ ಚುಕ್ಕಿಗಳನ್ನು ಸವರಿದ, ನನ್ನ ಮುಖ ನೋಡಲಿಲ್ಲ. "ತೊಳ್ದು ಚಂದ ಮಾಡೀರಿ" ಎಂದ, ಅಷ್ಟೇ. ಬೈದಿದ್ದರೆ ನಾನು ಹಗುರಾಗುತ್ತಿದ್ದೆ.

ಚೊಂಬು ಈಗ ಮತ್ತೆ ಬಾವಿಕಟ್ಟೆ ಸೇರಿದೆ. ಶೋಕೇಸಿನಲ್ಲಿ ಅದಿದ್ದ ಕಡೆ ದುಂಡನೆಯ ಗುರುತೊಂದು ಉಳಿದಿದೆ; ಬಂದವರು, ಇಲ್ಲಿದ್ದ ಕೆಳದಿಯ ಚೊಂಬೆಲ್ಲಿ ಎಂದು ಕೇಳುತ್ತಾರೆ. ಅದು ಮಾದೇವಿಯದು, ನಾನು ಕದ್ದು ತಂದಿದ್ದೆ ಎನ್ನಲು ಈ ಚರಿತ್ರೆಯ ಮಾಸ್ತರನಿಗೆ ಇನ್ನೂ ಬಾಯಿ ಬಂದಿಲ್ಲ. ಮೊದಲು ನಿಮಗೇ ಹೇಳುತ್ತಿದ್ದೇನೆ.