ಪುಸ್ತಕದಲ್ಲೇ ಉಳಿದ ದಾರ

ಸರ್ ಅವರ ಎಡಗೈ ಕಿರುಬೆರಳಿಗೆ ಕೆಂಪು ದಾರ ಸುತ್ತಿದ್ದರೆ, ಆ ವಾರ ಯಾವುದೋ ಪುಸ್ತಕದ ವಿಮರ್ಶೆ ಬರೆಯುತ್ತಿದ್ದಾರೆ ಎಂದರ್ಥ. ಬೆರಳು ಬರಿದಾಗಿದ್ದರೆ ದಾರ ಪುಟದ ಗುರುತಾಗಿ ಪುಸ್ತಕದೊಳಗಿದೆ, ಓದು ಮುಗಿದಿಲ್ಲ. ಬೆಟಗೇರಿಯಲ್ಲಿ ಅವರ ಪಕ್ಕದ ಮನೆಯ ಮಗ್ಗದಿಂದ ಕೇಳಿ ತಂದ ದಾರವದು. ಕೊನೆಯ ಪುಟ ದಾಟಿ ಅದು ಬೆರಳಿಗೆ ಬರುವವರೆಗೆ ಅವರು ವಿಮರ್ಶೆಯ ಒಂದಕ್ಷರವನ್ನೂ ಬರೆಯುತ್ತಿರಲಿಲ್ಲ.

ಗದಗಿನ ಕಾಲೇಜಿನಲ್ಲಿ ನನಗೆ ರಾಜ್ಯಶಾಸ್ತ್ರ ಕಲಿಸಿದವರು ಅವರು. ರಾಜಕಾರಣ, ದೇಶದೇಶಗಳ ಸಂಬಂಧ ಕುರಿತು ಹೊಸದಾಗಿ ಬಂದ ಪುಸ್ತಕಗಳನ್ನೆಲ್ಲ ತರಿಸಿ, ಓದಿ, ಒಂದು ಸಣ್ಣ ಕನ್ನಡ ತ್ರೈಮಾಸಿಕಕ್ಕೆ ಬರೆಯುವುದು ಅವರ ಹುಚ್ಚು. ಕೂತು ಓದಿದ್ದನ್ನು ನಾನು ಕಂಡಿಲ್ಲ. ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತ ಓದುವರು. ಮನೆ ಸಾಲದಾದರೆ ಬಸ್ಸು ಹತ್ತಿ ಡಂಬಳಕ್ಕೆ ಹೋಗಿ ಕೆರೆಯ ಏರಿಯ ಮೇಲೆ ನಡೆಯುವರು. "ಕುಂಡ್ರಿ ಸರ್" ಎಂದರೆ, "ಈ ಮನಶಾ ಬರದದ್ದು ನನಗ ಕುಂಡ್ರಾಕ ಬಿಡವಲ್ದವಾ" ಎನ್ನುವರು. ಅವರನ್ನು ನೋಡಿ ನೋಡಿ ನನ್ನ ಕಾಲುಗಳೂ ಒಂದು ಕಡೆ ನಿಲ್ಲದಾದವು.

ನಾನು ಲಕ್ಷ್ಮೇಶ್ವರದಲ್ಲಿ ಉಪನ್ಯಾಸಕಿಯಾದ ಮೇಲೆ ಅದೇ ಪತ್ರಿಕೆಗೆ ಬರೆಯತೊಡಗಿದೆ. ನದಿ ನೀರಿಗಾಗಿ ನೆರೆ ದೇಶಗಳು ಮಾಡಿಕೊಂಡ ಒಪ್ಪಂದಗಳ ಬಗ್ಗೆ ಸಂಶೋಧಕಿಯೊಬ್ಬಳ ಚೊಚ್ಚಲ ಪುಸ್ತಕ ಬಂತು. ಇದರಲ್ಲಿ ಸರ್ಕಾರಗಳಷ್ಟೇ ಇವೆ, ದಂಡೆಯ ಜನರೇ ಇಲ್ಲ ಎಂದು ವಿಮರ್ಶೆಯಲ್ಲಿ ಜಾಡಿಸಿಬಿಟ್ಟೆ. ಅಚ್ಚಾದ ದಿನ ಎಷ್ಟು ಬೀಗಿದ್ದೆ! ಮರುದಿನವೇ ಸರ್ ಆ ಪುಸ್ತಕ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು.

"ಕಡೀ ಅಧ್ಯಾಯ ಓದೀಯೇನವಾ?"

"ಮ್ಯಾಲೆ ಮ್ಯಾಲೆ ನೋಡೇನ್ರಿ ಸರ್. ಪತ್ರಿಕೆಯವರು ಜಲ್ದಿ ಕೊಡ್ರಿ ಅಂದಿದ್ರು."

"ಅದರಾಗ ಪೂರಾ ದಂಡಿ ಮ್ಯಾಗಿನ ಮಂದೀನ ಅದಾರ. ಎರಡು ಸಾಲು ಬರಿ, ತಪ್ಪಾತು ಅಂತ. ನಿನ್ನ ಹೆಸರೇನೂ ಹೋಗೂದಿಲ್ಲ. ಬರೀದಿದ್ರ ಆಕಿ ಹೆಸರು ಹೋಗತೈತಿ."

ನೀರೂ ಕುಡಿಯದೆ ಬಸ್ಸಿಗೆ ಹೊರಟುಹೋದರು. ನಾನು ಬರೆಯಲಿಲ್ಲ. ಕಾಲೇಜಿನಲ್ಲಿ ನಗುತ್ತಾರೆಂಬ ಹೆದರಿಕೆ, ಜೊತೆಗೆ ಸೊಕ್ಕು. ಆಮೇಲೆ ಯಾವಾಗ ಸಿಕ್ಕರೂ ಅವರ ಮೊದಲ ಮಾತು ಒಂದೇ: "ಬರದೀಯೇನವಾ?" ನಾನು ಮಾತು ತೇಲಿಸುತ್ತಿದ್ದೆ.

ಕಳೆದ ವರ್ಷ ನನ್ನದೇ ಪುಸ್ತಕ ಬಂತು. ಮೊದಲ ಪ್ರತಿ ಸರ್‌ಗೆ ಕೊಟ್ಟು ಬಂದೆ. ಎರಡು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. "ದಾರ ಇನ್ನೂ ಪುಸ್ತಕದಾಗ ಐತಿ. ಗಡಿಬಿಡಿ ಮಾಡಬ್ಯಾಡ" ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಅವರ ನಂಬರಿನಿಂದ ಮಗಳು ಮಾತಾಡಿದಳು. ಎದೆನೋವು ಬಂದಿತ್ತಂತೆ, ಆಸ್ಪತ್ರೆ ಮುಟ್ಟುವುದರೊಳಗೆ ತೀರಿಹೋಗಿದ್ದರು.

ದಿನಕರ್ಮ ಮುಗಿದ ಮೇಲೆ ಮಗಳು ನನ್ನ ಪುಸ್ತಕ ತಂದುಕೊಟ್ಟಳು. ಅಂಚಿನ ತುಂಬ ಪೆನ್ಸಿಲ್ಲಿನ ಪ್ರಶ್ನೆಗಳು. ಒಂದೊಂದಾಗಿ ಓದಿದೆ. ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳಿಗೆ ಉತ್ತರ ಕೊನೆಯ ಅಧ್ಯಾಯದಲ್ಲಿತ್ತು. ಕೆಂಪು ದಾರ ಆ ಅಧ್ಯಾಯ ಶುರುವಾಗುವ ಮುಂಚಿನ ಪುಟದಲ್ಲೇ ಇತ್ತು.

"ನಿಮ್ಮ ಪುಸ್ತಕದ ಬಗ್ಗೆ ಏನರ ಬರದಿಟ್ಟಾರೇನು ಅಂತ ಎಲ್ಲಾ ಕಡೆ ಹುಡುಕಿದೆ ಅಕ್ಕಾ. ಒಂದಕ್ಷರ ಇಲ್ಲ" ಎಂದಳು.

ಅಲ್ಲಿಯೇ, ಅವರ ಪಡಸಾಲೆಯಲ್ಲಿ, ನಿಂತುಕೊಂಡೇ ಫೋನಿನಲ್ಲಿ ಪತ್ರಿಕೆಗೆ ಬರೆದೆ: ನದಿ ನೀರಿನ ಒಪ್ಪಂದಗಳ ಪುಸ್ತಕದ ಕೊನೆಯ ಅಧ್ಯಾಯ ಓದದೆ ವಿಮರ್ಶೆ ಬರೆದಿದ್ದೆ, ತಪ್ಪು ನನ್ನದು. ಅದನ್ನೇ ಆ ಸಂಶೋಧಕಿಗೂ ಕಳಿಸಿದೆ. ಆಮೇಲೆ ತಲೆ ಎತ್ತಿ, "ಬರದೇನ್ರಿ ಸರ್" ಎಂದೆ. ಪಡಸಾಲೆಯಲ್ಲಿ ಯಾರೂ ನಡೆಯುತ್ತಿರಲಿಲ್ಲ.