ಹಡಸಿದಾಕಿನ್ನ ಕೇಳ್ರಿ

ರಾಯಚೂರಿನಿಂದ ಪರೀಕ್ಷೆ ಡ್ಯೂಟಿಗೆಂದು ಮಾನ್ವಿ ಬಸ್ಸು ಹತ್ತಿದ್ದೆ. ಫೋನಿನಲ್ಲಿ ದೇವದುರ್ಗದ ಗೆಳತಿ ಸರೋಜಾ. ನಾವಿಬ್ಬರೂ ಹುಚ್ಚರಂತೆ ಆಡುವ ವಿಡಿಯೋ ಗೇಮಿನ ಹೊಸ ಭಾಗ ಮರುದಿನವೇ ಬರುವುದಿತ್ತು. ಅದರಲ್ಲಿ ನಾಯಕನ ಹುಟ್ಟಿನ ಗುಟ್ಟು ರಟ್ಟಾಗುವ ಮೊದಲು ನಮ್ಮ ಊಹೆಯನ್ನು ಅಭಿಮಾನಿಗಳ ಗುಂಪಿಗೆ ಬರೆದು ಹಾಕಬೇಕು. ಆ ಗುಂಪಿನಲ್ಲಿ ಇದುವರೆಗೆ ನಮ್ಮ ಒಂದು ಊಹೆಯೂ ನಿಜವಾಗಿರಲಿಲ್ಲ.

"ಅವ ರಾಜನ ಮಗ ಅಲ್ಲಬೇ," ಎಂದೆ. "ಕಮ್ಮಾರ ಸಾಕ್ಯಾನ. ತಾಯಿ ಯಾರಂತ ಯಾರಿಗೂ ಗೊತ್ತಿಲ್ಲ."

ಫೋನಿಟ್ಟ ಕೂಡಲೇ ಪಕ್ಕದಲ್ಲಿದ್ದ, ಕುರ್ಡಿಗೆ ಹೊರಟಿದ್ದ ಅಜ್ಜಿ ಕೇಳಿದಳು, "ಹುಡುಗಿ ನಿನ್ನ ಮಗಳೇನಬೇ?"

"ಯಾವ ಹುಡುಗಿ, ಯವ್ವಾ?"

"ಆ ಹುಡುಗಗ ಕೊಡಾಕತ್ತೀರಲ್ಲ, ಆಕಿ."

ಹೆಣ್ಣು ಕೊಡುವವರಲ್ಲದೆ ಇನ್ಯಾರು ಗಂಡಿನ ಮನೆತನವನ್ನು ಇಷ್ಟು ಕೆದಕುತ್ತಾರೆ? ನಿಜ ಹೇಳಲು ನಾಚಿಕೆಯಾಗಿ, "ಹೂಂ, ತಾಯಿ ಯಾರಂತ ತಿಳೀವಲ್ದು," ಎಂದುಬಿಟ್ಟೆ.

"ಹಡದಾಕಿ ಸಿಗದಿದ್ರ ಹಡಸಿದಾಕಿನ್ನ ಕೇಳ್ರಿ. ಆ ಊರಾಗ ಸೂಲಗಿತ್ತಿ ಇಲ್ಲೇನು?"

ನಾನು ಸೀಟಿನಿಂದ ಅರ್ಧ ಎದ್ದೆ. ಆಟದ ಮೊದಲ ಹಳ್ಳಿಯಲ್ಲಿ ಬೇರುನಾರು ಮಾರುವ ಮುದುಕಿಯೊಬ್ಬಳಿದ್ದಾಳೆ. ಪ್ರತಿ ಸಲವೂ ನಾಯಕನನ್ನು "ನನ್ನ ಕೈಗೆ ಬಂದ ಕೂಸು" ಎನ್ನುತ್ತಾಳೆ. ನಾವೆಲ್ಲ ಔಷಧಿ ಕೊಂಡು ಓಡಿಬಿಡುತ್ತಿದ್ದೆವು. ಅವಳೇ ಸೂಲಗಿತ್ತಿ, ಗುಟ್ಟು ಅವಳ ಬಾಯಲ್ಲಿದೆ ಎಂದು ಬಸ್ಸಿನಲ್ಲೇ ಬರೆದು ಹಾಕಿದೆ.

ಮರುದಿನ ಮುದುಕಿ ಬಾಯಿಬಿಟ್ಟೇ ಬಿಟ್ಟಳು. ನಾಯಕನ ತಾಯಿ, ಇಡೀ ರಾಜ್ಯವನ್ನು ಸುಟ್ಟ ಮಾಟಗಾತಿ. ಸರೋಜಾ ಫೋನಿನಲ್ಲೇ ಕುಣಿದಾಡಿದಳು.

ಕುರ್ಡಿಯ ಅಜ್ಜಿ ಮತ್ತೆ ಸಿಕ್ಕರೆ ಹೇಳಬೇಕು: ವಿಚಾರಿಸಿದ್ದು ಒಳ್ಳೆಯದಾಯಿತು, ಅಂಥ ಅತ್ತೆ ಇರುವ ಮನೆಗೆ ಹೆಣ್ಣು ಕೊಡಲಿಲ್ಲ ಎಂದು.