ಅಕ್ಕನ ಫೈಲಿನಲ್ಲಿ ಎರಡು ಚಮಚ

ಮುಂಬೈ ಅಂಧೇರಿಯ ನಮ್ಮ ಆಫೀಸಿನಲ್ಲಿ ಔಷಧದ ಡಬ್ಬಿಯೊಳಗೆ ಮಡಚಿಟ್ಟಿರುವ ಚೀಟಿಗಳನ್ನು ಕನ್ನಡ, ಮರಾಠಿಗೆ ಅನುವಾದಿಸುತ್ತಿದ್ದೆವು. ಕನ್ನಡಕ್ಕೆ ಇದ್ದವರು ಒಬ್ಬರೇ. ಬಾಗಲಕೋಟೆ ಕಡೆಯವರು, ಐವತ್ತು ದಾಟಿದವರು. ನಾನು ಅವರನ್ನು ಅಕ್ಕಾ ಎನ್ನುತ್ತಿದ್ದೆ. ವಿಕ್ರೋಳಿಯಿಂದ ಲೋಕಲ್ ರೈಲು, ಆಮೇಲೆ ಮೆಟ್ರೋ. ಆದರೂ ಎಲ್ಲರಿಗಿಂತ ಮೊದಲು ಬಂದು ಕೂತಿರುತ್ತಿದ್ದರು.

ನಾನು ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ನಾವು ಬಳಸುತ್ತಿದ್ದ ಟೆಕ್ಸ್ಟ್ ಎಡಿಟರ್ ತಂತ್ರಾಂಶಕ್ಕೆ ಒಂದು ಚಿಕ್ಕ ಸೌಲಭ್ಯ ಬರೆದು ಸೇರಿಸಿದ್ದೆ. ಚೀಟಿಯ ಫೈಲು ತೆರೆದರೆ ಆ ಔಷಧದ ಪ್ರಮಾಣಗಳ ಪಟ್ಟಿಯೂ ತೆರೆದುಕೊಳ್ಳುತ್ತಿತ್ತು. ಒಂದು ಕೀಲಿ ಒತ್ತಿದರೆ 'ಎಷ್ಟು, ದಿನಕ್ಕೆ ಎಷ್ಟು ಬಾರಿ' ಎಂಬ ಸಾಲು ತಾನೇ ಬಂದು ಕೂರುತ್ತಿತ್ತು. ಮ್ಯಾನೇಜರ್ ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು.

ಒಂದು ದಿನ ಅಕ್ಕ ಮಾಡಿದ್ದ ಮಕ್ಕಳ ಸಿರಪ್ಪಿನ ಚೀಟಿ ಔಷಧ ಕಂಪನಿಯಿಂದ ವಾಪಸು ಬಂತು. ಅರ್ಧ ಚಮಚ ಎಂದಿರಬೇಕಾದಲ್ಲಿ ಎರಡು ಚಮಚ ಎಂದಿತ್ತು.

"ಇದು ಮಕ್ಕಳ ಮದ್ದು ಮಾರಾಯ್ರೆ! ಪ್ರಿಂಟ್ ಆಗಿದ್ರೆ ಎಂತ ಕತೆ?" ಮಂಗಳೂರಿನವರಾದ ಮ್ಯಾನೇಜರ್ ಎಲ್ಲರೆದುರೇ ಅಕ್ಕನ ಮೇಲೆ ಕೂಗಾಡಿದರು.

ಅಕ್ಕ ನನ್ನತ್ತ ತಿರುಗಿದರು. "ನಾ ಬರೆದಿಲ್ಲೋ ತಮ್ಮಾ. ಅದು ತಾನs ತುಂಬಕೊಂಡೈತಿ."

ಅವರ ಕಂಪ್ಯೂಟರಿನಲ್ಲಿ ಆ ಫೈಲನ್ನು ತೆರೆದು ಕೀಲಿ ಒತ್ತಿದೆ. ಅರ್ಧ ಚಮಚವೇ ಬಂತು. "ಸರಿಯಾಗೇ ಬರ್ತದಲ್ಲ ಅಕ್ಕಾ. ನೀವೇ ಬೇರೆ ಕಡೆಯಿಂದ ಕಾಪಿ ಮಾಡಿರ್ಬೇಕು," ಎಂದೆ.

ವಾರದೊಳಗೆ ಇನ್ನೊಂದು ಚೀಟಿಯಲ್ಲಿ ಹಾಗೇ ಆಯಿತು. ಮ್ಯಾನೇಜರ್ ಅಕ್ಕನಿಂದ ಟೈಪಿಂಗ್ ಬಿಡಿಸಿ ಹಳೆಯ ಕಾಗದಗಳನ್ನು ಜೋಡಿಸುವ ಕೆಲಸಕ್ಕೆ ಹಾಕಿದರು. ಅಕ್ಕ ಮಾತು ಕಡಿಮೆ ಮಾಡಿದರು. ದಾದರಿಗೆ ಹೋಗಿ ಕಣ್ಣು ತೋರಿಸಿಕೊಂಡು ಬಂದು, "ಕಣ್ಣ ಛಲೋ ಅದಾವಂತ," ಎಂದರು. ಆಮೇಲೆ ಮೆಲ್ಲಗೆ ಹೇಳಿದರು, "ನಮ್ಮವ್ವಗೂ ಹಿಂಗs ಶುರುವಾಗಿತ್ತು. ಕಡೀಕ ನನ್ನ ಗುರ್ತs ಹಿಡೀಲಿಲ್ಲ."

ಅದಾದ ಮೇಲಿನ ಸೋಮವಾರ ಮಧ್ಯಾಹ್ನ, ಕನ್ನಡ ಟೈಪ್ ಮಾಡುವವರು ಬೇರೆ ಯಾರೂ ಇಲ್ಲದ್ದರಿಂದ, ಅಕ್ಕನ ಕೆಲಸವನ್ನು ನಾನೇ ಮಾಡುತ್ತ ಎರಡು ಚೀಟಿಗಳನ್ನು ಒಟ್ಟಿಗೆ ತೆರೆದಿದ್ದೆ. ಮೊದಲನೆಯದಕ್ಕೆ ಮರಳಿ ಕೀಲಿ ಒತ್ತಿದರೆ ಎರಡನೆಯ ಔಷಧದ ಪ್ರಮಾಣ ಬಂತು.

ಎಡಿಟರಿನಲ್ಲಿ ತೆರೆದ ಪ್ರತಿ ಫೈಲಿಗೂ ಬಫರ್ ಎಂಬ ಅದರದೇ ಜಾಗವಿರುತ್ತದೆ. ಯಾವ ಪಟ್ಟಿ ಬಳಸಬೇಕು ಎಂದು ನೆನಪಿಡುವ ವೇರಿಯೆಬಲ್ ಕೂಡ ಪ್ರತಿ ಬಫರಿಗೆ ಬೇರೆಯಾಗಿರಬೇಕಿತ್ತು. ನಾನು ಅದನ್ನು ಎಲ್ಲಕ್ಕೂ ಸೇರಿ ಒಂದೇ ಇಟ್ಟಿದ್ದೆ. ಕೊನೆಗೆ ತೆರೆದ ಫೈಲಿನ ಪಟ್ಟಿಯೇ ಎಲ್ಲಕ್ಕೂ ಅನ್ವಯಿಸುತ್ತಿತ್ತು. ಉಳಿದವರು ಒಂದು ಮುಗಿಸಿ ಇನ್ನೊಂದು ತೆರೆಯುತ್ತಿದ್ದರು. ಮೂರು ನಾಲ್ಕು ಒಟ್ಟಿಗೆ ತೆರೆದುಕೊಳ್ಳುತ್ತಿದ್ದವರು ಅಕ್ಕ ಮಾತ್ರ. ನಾನು ಪರೀಕ್ಷಿಸಿದ್ದೂ ಒಂದೇ ಫೈಲು ತೆರೆದು.

ಒಂದು ಸಾಲು ತಿದ್ದಿದೆ. ಹತ್ತು ನಿಮಿಷವೂ ಹಿಡಿಯಲಿಲ್ಲ.

ಆದರೆ ಬಾಯಿ ಬಿಡಲಿಲ್ಲ. ಮ್ಯಾನೇಜರ್ ಏನೆಂದಾರು ಎಂಬ ಹೆದರಿಕೆ. ಮಂಗಳವಾರ ಹೇಳೋಣ ಎಂದುಕೊಂಡೆ. ಬುಧವಾರ ಅಕ್ಕ ರಜೆ ಹಾಕಿದ್ದರು. ನಿಜ ಹೇಳಬೇಕೆಂದರೆ, ನನಗೆ ಸಮಾಧಾನವೇ ಆಯಿತು. ಗುರುವಾರ ಊಟದ ಹೊತ್ತಿಗೆ ಅವರೆದುರು ಕೂತು ಎಲ್ಲ ಹೇಳಿದೆ.

ಅಕ್ಕ ಮುರಿದ ರೊಟ್ಟಿಯನ್ನು ಡಬ್ಬಿಯಲ್ಲೇ ಬಿಟ್ಟರು. "ಯಾವಾಗ ಗೊತ್ತಾತು ನಿನಗ?"

"ಸೋಮವಾರ."

"ನಿನ್ನೆ ನಾ ತೆಲಿ ಸ್ಕ್ಯಾನ್ ಮಾಡ್ಸಾಕ ಹೋಗಿದ್ದೆ," ಎಂದರು. "ಆ ಮಶೀನಿನೊಳಗ ಮಲಗಿ ಮಗಳ ಹೆಸರು, ಮೊಮ್ಮಕ್ಕಳ ಹೆಸರು ಒಂದೊಂದs ಹೇಳ್ಕೊಂತಿದ್ದೆ. ಮರ್ತೇನೇನು ಅಂತ."

ಅವರು ಡಬ್ಬಿ ಮುಚ್ಚಿಕೊಂಡು ಎದ್ದು ಹೋದರು.

ಅಂದೇ ಮ್ಯಾನೇಜರಿಗೂ ತಿಳಿಸಿದೆ. "ಸರಿ ಮಾಡಿದ್ಯಲ್ಲ, ಬಿಡು," ಎಂದರಷ್ಟೇ. ಎಲ್ಲರೆದುರು ಬೈದಿದ್ದೀರಿ, ಎಲ್ಲರೆದುರೇ ಒಂದು ಮಾತು ಹೇಳಿ ಎಂದೆ. ಆಮೇಲೆ ನೋಡುವ ಎಂದು ಫೋನೆತ್ತಿಕೊಂಡರು. ಮರುದಿನ ಬೆಳಿಗ್ಗೆ ಎಲ್ಲರೂ ಬಂದ ಮೇಲೆ ನಾನೇ ಎದ್ದು ನಿಂತು, ತಪ್ಪು ಅಕ್ಕನದಲ್ಲ, ನನ್ನದು, ಗೊತ್ತಾದ ಮೇಲೂ ಮೂರು ದಿನ ಸುಮ್ಮನಿದ್ದೆ ಎಂದೆ. ಅಕ್ಕ ಕಾಗದಗಳಿಂದ ತಲೆಯೆತ್ತಲಿಲ್ಲ.

ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಅಕ್ಕನಿಗೆ ಟೈಪಿಂಗ್ ಕೆಲಸ ಮತ್ತೆ ಸಿಕ್ಕಿತು. ಒಂದು ದಿನ ಅವರ ಹಿಂದೆ ಹಾದು ಹೋಗುವಾಗ ನೋಡಿದೆ: ಪ್ರಮಾಣದ ಸಾಲನ್ನು ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಿದ್ದರು.

"ಈಗ ಸರಿಯಾಗಿದೆ ಅಕ್ಕಾ, ಕೀಲಿ ಒತ್ತಬಹುದು."

"ಆಗಿರ್ಬೇಕು," ಎಂದರು ತೆರೆಯಿಂದ ಕಣ್ಣು ತೆಗೆಯದೆ. "ನಾ ಕೈಲೇ ಬರಿತೇನಿ."